ಬಾವಿಗೆ ಇಳಿಸಿದ ದೀಪ

ನಾವು ನಾಲೆ ನೀರಿನ ಜನ. ಮಿರ್ಲೆ ಕಡೆ ತೂಬು ಎತ್ತಿದರೆ ಗದ್ದೆಗೆ ನೀರು ಬರುತ್ತಿತ್ತು. ನೀರಿಗಾಗಿ ನೆಲ ಅಗೆಯುವ ಕಷ್ಟ ನಮಗೆ ಗೊತ್ತೇ ಇರಲಿಲ್ಲ. ಅತ್ತೆ, ಅವರ ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಮೊಮ್ಮಕ್ಕಳು, ಒಟ್ಟು ಹದಿಮೂರು ಜನ. ಇದ್ದ ಗದ್ದೆಯನ್ನು ಮೂರು ಪಾಲು ಮಾಡಿದರೆ ಯಾರ ಹೊಟ್ಟೆಗೂ ಸಾಲದು ಅಂತ ಅದನ್ನು ಮಾರಿ, ಕೋಟೆ ಪಟ್ಟಣದಿಂದ ಆಚೆ ಕಾಡಂಚಿನಲ್ಲಿ ಲಾಂಟಾನ ಪೊದೆ ತುಂಬಿದ್ದ ಬೀಳು ನೆಲ ತಗೊಂಡೆವು. "ಎಲ್ಲಾ ಒಂದೇ ಸೂರಲ್ಲಿ ಇರಾನ ಕಣ್ರಲಾ" ಅಂದವರು ಅತ್ತೆ. ನಾನು ಹಿರಿಯ ಸೊಸೆ, ನನ್ನನ್ನು ಯಾರೂ ಕೇಳಲಿಲ್ಲ.

ಕರೆಂಟ್ ಕಂಬ ಅಲ್ಲಿಗೆ ಬಂದಿರಲಿಲ್ಲ, ಇವತ್ತಿಗೂ ಬಂದಿಲ್ಲ. ಶೀಟಿನ ಮನೆಯ ಮೇಲೆ ಎರಡು ಸೋಲಾರ್ ಪ್ಲೇಟು, ಒಳಗೆ ನಾಲ್ಕು ಬಲ್ಬು, ಮೊಬೈಲ್ ಚಾರ್ಜಿಗೆ ದಿನಾ ಜಗಳ. ಕುಡಿಯುವ ನೀರನ್ನು ಪಕ್ಕದ ಹಳ್ಳಿಯಿಂದ ಬೈಕಿನಲ್ಲಿ ತರಬೇಕು. ಆನೆಗೆ ಹೆದರಿದೆವು, ಹುಲಿಗೆ ಹೆದರಿದೆವು, ಪೊದೆ ಕಡೆ ಹೋಗಬೇಕಾದರೆ ಒಬ್ಬರಿಗೊಬ್ಬರು ಕಾವಲು ನಿಂತೆವು. ನಾನಂತೂ ಒಣಗಿದ ಎಲೆ ಸದ್ದು ಮಾಡಿದರೂ ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಿದ್ದೆ. "ಕಾಡಿಗೆ ತಂದು ಬಿಸಾಕಿದ್ರಲ್ಲಾ ನಮ್ಮನ್ನ" ಅಂತ ಗಂಡನ ಮೇಲೆ ರೇಗುತ್ತಿದ್ದೆ. ಬಾವಿಗೆ ಮಾತ್ರ ನಮ್ಮಲ್ಲಿ ಯಾರೂ ಹೆದರಲಿಲ್ಲ.

ಬೋರು ಕೊರೆಸಿದ ಎರಡೂ ಕಡೆ ಬರೀ ಧೂಳು ಹಾರಿತು. ತಗ್ಗಿನಲ್ಲೊಂದು ಹುತ್ತವಿತ್ತು. ಹುತ್ತ ಇರುವ ಕಡೆ ನೀರು ಇದ್ದೇ ಇರುತ್ತದೆ ಅಂತ ಅತ್ತೆ ಹಟ ಹಿಡಿದರು. ಮನೆಮಂದಿಯೇ ಸೇರಿ ತೆರೆದ ಬಾವಿ ತೋಡಿದೆವು. ಗಂಡಸರು ಕೆಳಗೆ ಅಗೆದರು, ನಾವು ಹೆಂಗಸರು ರಾಟೆ ಹಾಕಿ ಮಣ್ಣು ಎಳೆದೆವು. ನಲವತ್ತಡಿಗೆ ನೀರು ಜಿನುಗಿತು. ಇನ್ನೂ ಆಳಕ್ಕೆ ಹೋಗಬೇಕಾದರೆ ಬಂದ ನೀರನ್ನು ಎತ್ತಿ ಹೊರಗೆ ಹಾಕಬೇಕಿತ್ತು. ಆದರೆ ದಡದ ಮೇಲಿಟ್ಟ ಡೀಸೆಲ್ ಎಂಜಿನ್ ಅಷ್ಟು ಆಳದಿಂದ ನೀರು ಎಳೆಯಲಿಲ್ಲ. ಆಗ ನನ್ನ ದೊಡ್ಡ ಮೈದುನ ಬಾವಿಯ ಗೋಡೆಯಲ್ಲೇ, ಅರ್ಧಕ್ಕಿಂತ ಕೆಳಗೆ, ಒಂದು ಕಟ್ಟೆ ಕೊರೆದ. ಹಗ್ಗ ಕಟ್ಟಿ ಎಂಜಿನನ್ನು ಅದರ ಮೇಲೆ ಇಳಿಸಿದರು. ನೀರು ಭರ್ರೆಂದು ಮೇಲೆ ಬಂತು. ಏನು ಕುಣಿದೆವೋ ಅವತ್ತು! ಮೈದುನನನ್ನು "ಇಂಜಿನಿಯರ್ ಸಾಹೇಬ್ರು" ಅಂತ ರೇಗಿಸಿದೆವು.

ಯಾರಾದರೂ ಬಾವಿಗೆ ಇಳಿಯುವ ಮುಂಚೆ ಅತ್ತೆ ಲಾಟೀನು ಹಚ್ಚಿ ಹಗ್ಗದಲ್ಲಿ ಕೆಳಗೆ ಬಿಡುತ್ತಿದ್ದರು. ದೀಪ ಆರಿದರೆ ಕೆಳಗೆ ಗಾಳಿ ಇಲ್ಲ, ಉರಿದರೆ ಇದೆ ಅಂತ. ಚಿಕ್ಕವರಿದ್ದಾಗ ಯಾರೋ ಹಾಗೆ ಮಾಡಿದ್ದನ್ನು ನೋಡಿದ್ದರಂತೆ. ನಮಗೆಲ್ಲ ಅದೇ ಧೈರ್ಯ.

ಒಂದು ದಿನ ಬೆಳಿಗ್ಗೆ ಎಂಜಿನ್ ಒಂದು ಗಂಟೆ ಓಡಿ, ಡೀಸೆಲ್ ಮುಗಿದು ನಿಂತಿತು. ಡೀಸೆಲ್ ತುಂಬಲು ಮೈದುನ ಇಳಿಯಬೇಕಿತ್ತು. ಕಿರಿಯವನು ಹೆಂಡತಿ ಮಕ್ಕಳೊಂದಿಗೆ ಕೋಟೆಗೆ ಹೋಗಿದ್ದ. ಅತ್ತೆ ಲಾಟೀನು ಬಿಟ್ಟರು. ಬಗ್ಗಿ ನೋಡಿದೆವು, ದೀಪ ಚೆನ್ನಾಗೇ ಉರಿಯುತ್ತಿತ್ತು.

"ಉರೀತಾ ಅದೆ ಕಣ್ಲಾ ಮಗ, ಇಳಿ" ಅಂದರು.

ಮೈದುನ ಕ್ಯಾನು ಹೆಗಲಿಗೆ ಕಟ್ಟಿಕೊಂಡು ಗೋಡೆಯಲ್ಲಿ ಕೊರೆದ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿದ. ಕಟ್ಟೆ ಮುಟ್ಟಿದವನು "ಯಾಕೋ ತಲೆ ಸುತ್ತತದೆ" ಅಂದ. ಕ್ಯಾನು ನೀರಿಗೆ ಬಿದ್ದ ಸದ್ದಾಯಿತು. ನೋಡಿದರೆ ಎಂಜಿನ್ ಮೇಲೆ ಬೋರಲು ಬಿದ್ದಿದ್ದಾನೆ, ಒಂದು ಕಾಲು ಕಟ್ಟೆಯಿಂದ ಆಚೆ ನೇತಾಡುತ್ತಿದೆ. ಅವನ ತಲೆಯ ಪಕ್ಕದಲ್ಲೇ ಲಾಟೀನು ಹಾಗೇ ಉರಿಯುತ್ತಿತ್ತು.

ನನ್ನ ಗಂಡ ಅಂಗಿ ಕಿತ್ತೆಸೆದು ಮೊದಲ ಮೆಟ್ಟುಗುಳಿಗೆ ಕಾಲಿಡಲು ಹೋದರು. ನಾನು ಹಿಂದಿನಿಂದ ಸೊಂಟಕ್ಕೆ ಎರಡೂ ಕೈ ಹಾಕಿ ಹಿಡಿದು ನೆಲಕ್ಕೆ ಕೂತುಬಿಟ್ಟೆ.

"ಬುಡೇ! ನನ್ ತಮ್ಮ ಕಣೇ ಅಲ್ಲಿ ಬಿದ್ದಿರಾದು!" ಅಂತ ಕೂಗಿ ಮೊಣಕೈ ಬೀಸಿದರು. ನನ್ನ ತುಟಿ ಒಡೆಯಿತು. ಬಿಡಲಿಲ್ಲ. ಮೈದುನನ ಹೆಂಡತಿ, ನನ್ನ ವಾರಗಿತ್ತಿ, ಓಡಿ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಕೀಳತೊಡಗಿದಳು.

"ನಿನ್ ಕಾಲಿಗ್ ಬೀಳ್ತೀನಿ ಕಣಕ್ಕ, ಭಾವನ್ನ ಬುಡು! ಬುಡಕ್ಕಾ!"

ಬಿಡಲಿಲ್ಲ. ವಿಷದ ಗಾಳಿ ಗೀಳಿ ನನಗೇನೂ ಗೊತ್ತಿರಲಿಲ್ಲ. ಅಲ್ಲಿಗೆ ಹೋದವನು ಬಿದ್ದ, ಇವರು ಹೋದರೆ ಇವರೂ ಬೀಳುತ್ತಾರೆ, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ನಮ್ಮ ಕೂಗಾಟ ಕೇಳಿ ಪಕ್ಕದ ಶುಂಠಿ ಹೊಲದ ಮಲಯಾಳಿ ಓಡಿ ಬಂದ. ಗುತ್ತಿಗೆಗೆ ನೆಲ ಹಿಡಿದು ಶುಂಠಿ ಬೆಳೆಯುತ್ತಿದ್ದವನು, ಬಾವಿಗಳ ಊರಿನವನು. ಬಗ್ಗಿ ಎಂಜಿನ್ ನೋಡಿದವನೇ ತಲೆ ಚಚ್ಚಿಕೊಂಡ. "ಯಾರೂ ಇಳಿಬೇಡ! ಎಂಜಿನ್ ಹೊಗೆ ಒಳಗೆ ಉಂಟು! ಇದಕ್ಕೆ ದೀಪ ಆರೋದಿಲ್ಲ!" ಅಂದ. ಸೊಪ್ಪಿನ ಕೊಂಬೆಗಳನ್ನು ಕಡಿಸಿ, ಹಗ್ಗಕ್ಕೆ ಕಂತೆ ಕಟ್ಟಿ, ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದ. ನಾವೂ ಆಡಿಸಿದೆವು, ಗಾಳಿ ಕದಡಲಿ ಅಂತ. ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ನನ್ನ ಗಂಡನ ಸೊಂಟಕ್ಕೆ ಹಗ್ಗ ಬಿಗಿದು ಇಳಿಸಿದ. ಅವರು ತಮ್ಮನನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿದರು, ನಾವು ಎಳೆದೆವು. ಮೈದುನನ ತಲೆ ಬಾವಿಯ ಅಂಚಿಗೆ ಬಂದಾಗ ಅತ್ತೆ ಅವನ ಮೂಗಿನ ಹತ್ತಿರ ಕೈ ಹಿಡಿದು, "ಉಸುರದೆ, ಉಸುರದೆ" ಅಂತ ಅಲ್ಲೇ ಕುಸಿದರು.

ಶುಂಠಿಯವನ ಪಿಕಪ್‌ನಲ್ಲೇ ಆಸ್ಪತ್ರೆಗೆ ಹೋದೆವು. ಮೈದುನ ಕಣ್ಣು ಬಿಟ್ಟದ್ದು ಮಾರನೆಯ ದಿನ ಮಧ್ಯಾಹ್ನ. "ಜೊತೆಗೇ ಇನ್ನೊಬ್ರು ಇಳಿದಿದ್ರೆ ಎರಡು ಹೆಣ ಎತ್ತಬೇಕಾಗ್ತಿತ್ತು" ಅಂದರು ಡಾಕ್ಟರು. ಅತ್ತೆ ಕಂಡಕಂಡವರಿಗೆಲ್ಲ "ನನ್ ಹಿರೀ ಸೊಸೆ ಬಲು ಬುದ್ವಂತೆ ಕಣವ್ವ, ಇಬ್ರನ್ನೂ ಉಳಿಸುದ್ಲು" ಅನ್ನುತ್ತಿದ್ದರು. ನಾಚಿಕೆಯಿಂದ ಭೂಮಿಗೆ ಇಳಿದುಹೋಗುತ್ತಿದ್ದೆ. ಬುದ್ಧಿಯೂ ಇಲ್ಲ, ಮಣ್ಣೂ ಇಲ್ಲ.

ಬಾವಿ ದಡದಿಂದ ನನ್ನ ಜೊತೆ ಒಂದು ಮಾತೂ ಆಡದಿದ್ದ ವಾರಗಿತ್ತಿ, ಗಂಡ ಗಂಜಿ ಕುಡಿದು ಮಲಗಿದ ಮೇಲೆ ಬಂದು ನನ್ನ ಬೆಂಚಿನಲ್ಲಿ ಕೂತಳು.

"ಅಕ್ಕ, ನಿಜ ಹೇಳು. ಕೆಳಗೆ ಬಿದ್ದಿದ್ದು ಭಾವ ಆಗಿ, ಮೇಲಿದ್ದಿದ್ದು ನಮ್ಮೋರಾಗಿದ್ರೆ, ನಮ್ಮೋರ್‌ನೂ ಅಂಗೇ ಹಿಡ್ಕೊತಿದ್ದಾ?"

ಸುಳ್ಳು ಹೇಳಬಹುದಿತ್ತು.

"ಇಲ್ಲ ಕಣವ್ವ" ಅಂದೆ. "ಬ್ಯಾಗ ಇಳಿಯಪ್ಪ ಅಂತ ನಾನೇ ತಳ್ತಿದ್ದೆ."

ಅವಳು ನನ್ನ ಊದಿದ ಬೆರಳುಗಳನ್ನು ನೋಡಿದಳು.

"ನಾನೂ ಅಂಗೇ ಕಣಕ್ಕ. ಭಾವ ಹೋದ್ರೂ ಹೋಗ್ಲಿ ಅಂದ್ಕಂಡೇ ನಿನ್ ಬೆರಳ್ನ ಕಿತ್ತಿದ್ದು."

ಅದೇ ವಾರ ಎಲ್ಲರೂ ಅದೇ ಸೂರಿಗೆ ವಾಪಸು ಬಂದೆವು. ಎಂಜಿನನ್ನು ಮೇಲಕ್ಕೆ ಎತ್ತಿಸಿ, ಬಾವಿಗೆ ಸೋಲಾರ್ ಮೋಟರು ಬಿಡಿಸಿದ್ದೇವೆ. ನೀರು ಚೆನ್ನಾಗಿದೆ. ನಾವಿಬ್ಬರೂ ಒಂದೇ ಒಲೆಯಲ್ಲಿ ಅಡಿಗೆ ಮಾಡುತ್ತೇವೆ, ನಗುತ್ತೇವೆ, ಮಕ್ಕಳ ತಲೆ ಬಾಚುತ್ತೇವೆ. ಆದರೆ ಮೋಟರು ಕೆಟ್ಟು ಗಂಡಸರಲ್ಲಿ ಒಬ್ಬರು ಹಗ್ಗ ಹೆಗಲಿಗೆ ಹಾಕಿಕೊಂಡು ಬಾವಿ ಕಡೆ ಹೊರಟರೆ, ನಾನು ಕೈಯಲ್ಲಿದ್ದುದನ್ನು ಬಿಟ್ಟು ಮೊದಲು ಅವಳನ್ನು ನೋಡುತ್ತೇನೆ. ಅಷ್ಟರಲ್ಲಿ ಅವಳು ನನ್ನನ್ನು ನೋಡುತ್ತಿರುತ್ತಾಳೆ.