ಸುಟ್ಟ ಸಕ್ಕರೆಯ ಹಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಸಿಟಿ ಬಸ್ಸಿನಲ್ಲಿ ಮೈಮೇಲೆ ಬಿದ್ದವನೊಬ್ಬನ ಕಪಾಳಕ್ಕೆ ಬಾರಿಸಿದ್ದೇನೆ. ಅದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ಬೇಸರ ಇರುವುದು ಬೇರೆಯದಕ್ಕೆ. ಹೋದ ಬೇಸಿಗೆಯ ಒಂದು ಮಧ್ಯಾಹ್ನ, ಬೆಳಗಾವಿಯ ಶಿವಬಸವ ನಗರದ ನಮ್ಮ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಹನ್ನೆರಡು ವರ್ಷದ ಮಗಳ ತೋಳಿಗೆ ಕುದಿಯುವ ಹಾಲಿನಿಂದ ಎಳೆದ ಸೌಟಿನಲ್ಲಿ ಹೊಡೆದೆ. ಒಂದಲ್ಲ, ಎರಡು ಏಟು. ಎರಡನೆಯದಕ್ಕೆ ಅವಳ ತಲೆ ಹೋಗಿ ಗೋಡೆಗೆ ಬಡಿಯಿತು. ಅವಳ ತಪ್ಪು ಇಷ್ಟೇ: ಹಾಲು ನೋಡಿಕೋ ಎಂದು ಹೇಳಿ ನಾನು ಮಾಳಿಗೆಗೆ ಬಟ್ಟೆ ತರಲು ಹೋಗಿದ್ದೆ, ಅವಳು ಮೊಬೈಲ್ ನೋಡುತ್ತ ಕೂತಳು, ಹಾಲು ಉಕ್ಕಿ ಬೆಂಕಿಗೆ ಬಿತ್ತು.

"ಪಾಕೀಟ ಹಾಲ ಅದು ಮಮ್ಮಿ! ಅರ್ಧಾ ಲೀಟರ!" ಎಂದು ಅಳುತ್ತ ಕೂಗಿದಳು. ಅವಳ ಮಾತು ನಿಜ. ಆದರೆ ಸುಟ್ಟ ಹಾಲಿನ ವಾಸನೆ ಬಂದರೆ ನನಗೆ ಕಣ್ಣು ಕತ್ತಲಿಟ್ಟು ಕೈ ತಾನಾಗಿ ಮೇಲೇಳುತ್ತದೆ. ಹೊರಕೋಣೆಯಲ್ಲಿದ್ದ ನನ್ನ ಅವ್ವ ಎದ್ದು ಬಂದು ನಡುವೆ ನಿಂತಿದ್ದರಿಂದ ಮೂರನೆಯ ಏಟು ಬೀಳಲಿಲ್ಲ. ಮೊಮ್ಮಗಳ ತೋಳಿಗೆ ತಣ್ಣೀರು ಸುರಿದು ತನ್ನ ಜೊತೆ ಕರೆದುಕೊಂಡು ಹೋದಳು.

ಆ ಹಾಲು ಇಟ್ಟಿದ್ದು ಮಗಳಿಗಾಗಿಯೇ. ಬೇಸಿಗೆ ಬಂತೆಂದರೆ ಅವಳಿಗೆ ಅಂಗಡಿಯ ಫ್ರಿಜ್ಜಿನಲ್ಲಿರುವ ಬಣ್ಣದ ಹಾಲಿನ ಬಾಟಲಿ ಬೇಕು. ಒಂದು ದಿನ ಗುಲಾಬಿ, ಒಂದು ದಿನ ಹಳದಿ. ನನ್ನ ಗಂಡ ಆಟೋ ನಗರದ ಗ್ಯಾರೇಜೊಂದರಲ್ಲಿ ಟ್ರಕ್ಕುಗಳಿಗೆ ಬಣ್ಣ ಹೊಡೆಯುವವರು. ಆ ಪಗಾರದಲ್ಲಿ ದಿನಾ ಬಾಟಲಿ ಕೊಳ್ಳುವುದು ನಮಗೆ ಎಟುಕುವ ಮಾತಲ್ಲ. ಹಾಗಾಗಿ ಮನೆಯಲ್ಲೇ ಮಾಡುತ್ತೇನೆ. ಒಣ ಸೌಟಿನಲ್ಲಿ ಮೂರು ಚಮಚ ಸಕ್ಕರೆ ಹಾಕಿ ಉರಿಯ ಮೇಲೆ ಹಿಡಿಯಬೇಕು. ಅದು ಕರಗಿ ಮೊದಲು ಜೇನಿನ ಬಣ್ಣಕ್ಕೆ ಬರುತ್ತದೆ, ಆಮೇಲೆ ಹಳೆಯ ಬೆಲ್ಲದ ಬಣ್ಣಕ್ಕೆ. ಅಲ್ಲಿ ಹೆದರಿ ಇಳಿಸಬಾರದು. ಇನ್ನೊಂದು ಗಳಿಗೆ ಬಿಟ್ಟು, ಹೊಗೆ ಏಳುವ ಹೊತ್ತಿಗೆ ಬಿಸಿ ಹಾಲಿನಲ್ಲಿ ಮುಳುಗಿಸಬೇಕು. ಭುಸ್ಸೆಂದು ಮೇಲೆ ಬರುತ್ತದೆ, ಮುಖ ಹಿಂದೆ ಇಟ್ಟುಕೊಳ್ಳಿ. ಸಿಪ್ಪೆ ಸಮೇತ ಜಜ್ಜಿದ ಎರಡು ಯಾಲಕ್ಕಿ, ಮಂದವಾಗಲು ತಣ್ಣನೆಯ ಹಾಲಿನಲ್ಲಿ ಕಲಸಿದ ಒಂದು ಚಮಚ ಪುಟಾಣಿ ಹಿಟ್ಟು, ಅಂದರೆ ಹುರಿಗಡಲೆಯ ಪುಡಿ. ಆರಿಸಿ, ಹಳೆಯ ಸಾಸ್ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಪಕ್ಕದ ಮನೆಯಾಕೆ ಒಮ್ಮೆ ಕುಡಿದು, "ಬಾದಾಮಿ ಭಾಳ ಹಾಕೀರಲ್ರಿ" ಅಂದರು. "ಹೂಂ ರೀ, ಮತ್ತ!" ಅಂದೆ. ಪುಟಾಣಿಗೆ ಅಷ್ಟಾದರೂ ಮರ್ಯಾದೆ ಸಿಗಲಿ.

ಏಟು ಬಿದ್ದ ದಿನದಿಂದ ಮಗಳು ಅದನ್ನು ಮುಟ್ಟಲಿಲ್ಲ. ನನ್ನೊಡನೆ ಮಾತೂ ಇಲ್ಲ. ಹಾಸಿಗೆ ಎತ್ತಿಕೊಂಡು ಹೋಗಿ ಅಜ್ಜಿಯ ಪಕ್ಕ ಮಲಗತೊಡಗಿದಳು. ಗಂಡ ಸಂಜೆ ಬಂದು ಅವಳ ತೋಳು ನೋಡಿ, "ನಿನ್ನ ಕೈ ಕಡದ ಒಗೀಬೇಕು" ಎಂದು ಗದರಿ ಊಟ ಬಿಟ್ಟು ಎದ್ದರು. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಮರುದಿನ ಆಯಿತು. ಮೇಲಿನ ಹಲಗೆಯಿಂದ ಸಕ್ಕರೆ ಡಬ್ಬಿ ತೆಗೆಯಲು ನಾನು ಕೈ ಎತ್ತಿದೆ. ನೀರು ಕುಡಿಯಲು ಬಂದಿದ್ದ ಮಗಳು ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದಳು. ಲೋಟ ಉರುಳಿ ನೀರು ನೆಲದ ಮೇಲೆ ಹರಿಯಿತು. ಹೆತ್ತ ಮಗಳು ನನ್ನ ಕೈಗೆ ಹೆದರುವುದನ್ನು ಕಂಡು ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು. ಇನ್ನು ಈ ಹುಡುಗಿ ಒಲೆಯ ಮುಂದೆ ನನ್ನ ಪಕ್ಕ ಎಂದಾದರೂ ನಿಲ್ಲುತ್ತಾಳೋ ಇಲ್ಲವೋ ಎಂಬುದೊಂದೇ ಚಿಂತೆ ಹತ್ತಿತು.

ಅವಳ ಮುಂದೆ ಕೂತು ಹೇಳಿದೆ: "ನಾ ಹೊಡತದ ಮನ್ಯಾಗ ಬೆಳದಾಕಿ ನೋಡವಾ. ಕೈಗೆ ರೂಢಿ ಆಗಿಬಿಟ್ಟೈತಿ. ನಾ ಏನ ಮಾಡ್ಲಿ ಹೇಳ?" ಮಗಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಹೊಡೆತದ ಮನೆ ಎಂದದ್ದು ಸುಳ್ಳಲ್ಲ. ನಮ್ಮ ಮನೆ ಖಾನಾಪುರದಿಂದ ಲೋಂಡಾಕ್ಕೆ ಹೋಗುವ ದಾರಿಯಲ್ಲಿ, ಕಾಡಿನೊಳಗಿನ ಎಂಟು ಮನೆಗಳ ವಸ್ತಿಯಲ್ಲಿತ್ತು. ಎಮ್ಮೆಗಳೇ ನಮ್ಮ ಬದುಕು. ಅಪ್ಪ ಬೆಳಗಿನ ಹಾಲನ್ನು ಬಸ್ಸಿನಲ್ಲಿ ಒಯ್ದು ಖಾನಾಪುರದ ಹೋಟೆಲುಗಳಿಗೆ ಹಾಕುತ್ತಿದ್ದ. ಸಂಜೆಯದರಲ್ಲಿ ಒಂದಿಷ್ಟನ್ನು ಸೈಕಲ್ಲಿನಲ್ಲಿ ಲೋಂಡಾ ಸ್ಟೇಶನ್ನಿನ ಚಹಾದಂಗಡಿಗಳಿಗೆ ಒಯ್ಯುತ್ತಿದ್ದ. ಉಳಿದದ್ದನ್ನು ಅವ್ವ ಕಾಯಿಸಿ ಹೆಪ್ಪು ಹಾಕುವಳು. ಮಕ್ಕಳಿಗೆ ಮಜ್ಜಿಗೆ ಮಾತ್ರ, ಹಾಲು ಮಾರುವ ವಸ್ತು.

ನಮ್ಮ ವಸ್ತಿಯಲ್ಲಿ ಒಂದು ನಂಬಿಕೆ ಇತ್ತು. ಹಾಲು ಉಕ್ಕಿ ಬೆಂಕಿಗೆ ಬಿದ್ದರೆ, ಅದು ಯಾವ ಎಮ್ಮೆಯ ಹಾಲೋ ಆ ಎಮ್ಮೆಯ ಕೆಚ್ಚಲು ಸುಡುತ್ತದೆ, ಬಿರುಕು ಬಿಟ್ಟು ರಕ್ತ ಬರುತ್ತದೆ ಎಂದು. ಚಳಿಗಾಲದಲ್ಲಿ ಎಮ್ಮೆಯ ಕೆಚ್ಚಲು ಒಡೆಯದೆ ಇರುತ್ತದೆಯೇ? ಆದರೆ ಒಡೆದಾಗಲೆಲ್ಲ ಅಪ್ಪ ಒಲೆಯ ಹತ್ತಿರ ಬಂದು ಮೂಸುತ್ತಿದ್ದ. ಅಪ್ಪ ಕುಡುಕನಲ್ಲ, ಸೋಮಾರಿಯೂ ಅಲ್ಲ. ಒಡೆದ ಕೆಚ್ಚಲಿಗೆ ಬೆಣ್ಣೆ ಹಚ್ಚುವಾಗ ಅವನ ಬೆರಳುಗಳನ್ನು ನೋಡಬೇಕಿತ್ತು, ಎಳೆಗೂಸಿನ ನೆತ್ತಿಗೆ ಎಣ್ಣೆ ಒತ್ತಿದ ಹಾಗೆ. ಅದೇ ಕೈಯಿಂದ ಅವ್ವನ ಜಡೆ ಹಿಡಿದು ಅಂಗಳದುದ್ದಕ್ಕೂ ಎಳೆಯುತ್ತಿದ್ದ. ಸಿಟ್ಟು ಬಂದರೆ ಅವನಿಗೆ ಮರಾಠಿ ಬರುತ್ತಿತ್ತು. ಬೈಗುಳ ಮರಾಠಿಯಲ್ಲಿ, ಒದೆತ ನಡುವಿಗೆ. ಹಾಲಿನ ಕ್ಯಾನಿನ ಮುಚ್ಚಳದಿಂದ ಒಮ್ಮೆ ಅವಳ ಹುಬ್ಬು ಸೀಳಿದ್ದ. ರಕ್ತ ಕಣ್ಣಿಗಿಳಿದರೂ ಅವ್ವ ಒಲೆ ಬಿಟ್ಟು ಏಳಲಿಲ್ಲ, ಮೇಲೆ ಇನ್ನೊಂದು ಪಾತ್ರೆ ಹಾಲಿತ್ತು.

ಅದಕ್ಕೇ ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಹಾಲು ಉಕ್ಕಿ ಬಿತ್ತೋ, ತಕ್ಷಣ ಸೌಟಿನಲ್ಲಿ ಸಕ್ಕರೆ ಹಾಕಿ ಕೆಂಡದ ಮೇಲೆ ಹಿಡಿಯುವಳು. ಸಕ್ಕರೆ ಸುಟ್ಟ ಘಮಲು ಮನೆತುಂಬ ಎದ್ದು, ಹಾಲು ಸುಟ್ಟ ವಾಸನೆಯನ್ನು ನುಂಗಿಬಿಡುತ್ತಿತ್ತು. ಅದನ್ನು ಹಾಲಿನಲ್ಲಿ ಮುಳುಗಿಸಿ ಯಾಲಕ್ಕಿ ಜಜ್ಜಿ ಹಾಕುವಳು. ಅಪ್ಪ ಬಂದು ಮೂಗು ಏರಿಸಿದರೆ, "ಹುಡುಗುರು ಭಾಳ ಕಾಡಿದ್ವರಿ, ಒಂದೀಟ ಸಿಹಿ ಹಾಲ ಮಾಡೇನ್ರಿ" ಅನ್ನುವಳು. ಮಾರುವ ಹಾಲನ್ನು ಮಕ್ಕಳಿಗೆ ಸುರಿದಳೆಂದು ಎರಡು ಬೈಗುಳ ಬೀಳುತ್ತಿದ್ದವು, ಅಷ್ಟೇ. ನನಗೂ ತಮ್ಮನಿಗೂ ಒಂದೊಂದು ಬಟ್ಟಲು ಸಿಗುತ್ತಿತ್ತು. ಒಮ್ಮೆ ಅಪ್ಪನೂ ನನ್ನ ಬಟ್ಟಲಿನಿಂದ ಒಂದು ಗುಟುಕು ಎಳೆದು, "ಚೊಲೋ ಆಗೇತಿ" ಅಂದ.

ನನಗಾಗ ಎಂಟು ವರ್ಷ. ಹೊಡೆತ ಬೇಕಾದಷ್ಟು ಕಂಡಿದ್ದೆ, ಆದರೆ ಸಿಹಿ ಹಾಲು ಇರುವ ದಿನ ಹೊಡೆತ ಇರುವುದಿಲ್ಲ ಎಂಬುದನ್ನೂ ಕಂಡಿದ್ದೆ. ಹಾಲು ಉಕ್ಕಿದರೆ ಸಿಹಿ ಹಾಲು, ಉಕ್ಕದಿದ್ದರೆ ಮಜ್ಜಿಗೆ. ಹಾಗಿದ್ದ ಮೇಲೆ ಉಕ್ಕಿಸಿದರಾಯಿತು! ಅವ್ವ ಕರು ಕಟ್ಟಲು ಎದ್ದುಹೋದಾಗ ಒಲೆಗೆ ಒಣ ಪುಳ್ಳೆ ತುರುಕಿ, ಊದಿ, ಏನೂ ಅರಿಯದವಳಂತೆ ಹೊಸ್ತಿಲ ಮೇಲೆ ಬಂದು ಕೂಡುತ್ತಿದ್ದೆ. ಹಾಲು ಸುಂಯ್ ಎಂದಾಗ ಅವ್ವ ಸೆರಗು ಕಟ್ಟಿಕೊಂಡು ಓಡಿ ಬರುವುದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ. ಮೂರು ಸಲ ಹೀಗೆ ಸಾಗಿತು.

ನಾಲ್ಕನೆಯ ಸಲ ಅಪ್ಪನ ಸೈಕಲ್ಲಿನ ಚೈನು ಕಡಿದು, ಅವನು ಅರ್ಧ ದಾರಿಯಿಂದ ತಿರುಗಿ ಬಂದ. ಅವತ್ತು ಬೆಳಿಗ್ಗೆ ಅವನ ಮೆಚ್ಚಿನ ಎಮ್ಮೆಯ ಕೆಚ್ಚಲಿನಿಂದ ಹಾಲಿನ ಜೊತೆ ರಕ್ತ ಬಂದಿತ್ತು. ಬಾಗಿಲಿಗೆ ಬಂದವನ ಕಣ್ಣಿಗೆ ಪಾತ್ರೆಯಿಂದ ಇಳಿದ ಹಾಲು, ಬುಸುಗುಡುವ ಬೂದಿ, ಅವ್ವನ ಕೈಯಲ್ಲಿ ಸುಡುವ ಸಕ್ಕರೆ ಎಲ್ಲ ಒಟ್ಟಿಗೆ ಬಿತ್ತು. ಇಷ್ಟು ದಿನದ ಉಪಾಯ ಅವನಿಗೆ ಒಂದೇ ಗಳಿಗೆಯಲ್ಲಿ ತಿಳಿದುಹೋಯಿತು.

"ಒಲಿ ಮುಂದ ಯಾರಿದ್ರು?" ಎಂದ.

ನಾನು ಹೊಸ್ತಿಲ ಮೇಲಿದ್ದೆ. ಅವ್ವ ಒಮ್ಮೆ ನನ್ನ ಕಡೆ ನೋಡಿದಳು. "ನಾನ ಇದ್ನಿರಿ" ಅಂದಳು.

ಕೈಯಲ್ಲಿದ್ದ ಕ್ಯಾನನ್ನೇ ಬೀಸಿದ. ಅದು ಅವಳ ಕಿವಿಯ ಮೇಲೆ ಬಿತ್ತು. ಕೆಳಗೆ ಬಿದ್ದವಳ ಹೊಟ್ಟೆಗೆ ಒದ್ದ. ಆಮೇಲೆ ಅವಳ ಬಲಗೈ ಎಳೆದು ಅಂಗೈ ಬಿಡಿಸಿ, ಮೊಣಕಾಲಿನಿಂದ ನೆಲಕ್ಕೊತ್ತಿ, ಅವಳು ಕೆಂಡದ ಮೇಲೆ ಬಿಟ್ಟಿದ್ದ ಸೌಟನ್ನು ಎತ್ತಿ ಕುದಿಯುವ ಸಕ್ಕರೆಯನ್ನು ಅಂಗೈಗೆ ಸುರಿದ. "ಕೆಚ್ಚಲ ಸುಟ್ರ ಹೆಂಗ ಆಗತೈತಿ, ಈಗ ತಿಳ್ಕೊ" ಅಂದ. ನೀರಾದರೆ ಹರಿದು ಹೋಗುತ್ತದೆ, ಸಕ್ಕರೆ ಅಂಟುತ್ತದೆ. ಅವ್ವ ಕೂಗಿದ ಕೂಗಿಗೆ ಕೊಟ್ಟಿಗೆಯ ಎಮ್ಮೆಗಳು ಗೂಟ ಕಿತ್ತುಕೊಳ್ಳುವಂತೆ ಜಗ್ಗಾಡಿದವು. ಅಪ್ಪ ಅವುಗಳನ್ನು ಸಮಾಧಾನ ಮಾಡಲು ಎದ್ದುಹೋದ.

ಅವ್ವ ಅಂಗೈಗೆ ಬೆಣ್ಣೆ ಮೆತ್ತಿಕೊಂಡಳು. ಅಳುವುದು ಮುಗಿದ ಮೇಲೆ ಎಡಗೈಯಲ್ಲಿ ಸೌಟು ಹಿಡಿದು, ಅದಕ್ಕೆ ಅಂಟಿದ್ದ ಸಕ್ಕರೆಯನ್ನು ಉಳಿದ ಹಾಲಿನಲ್ಲೇ ತಿರುವಿ ನಮ್ಮಿಬ್ಬರ ಬಟ್ಟಲುಗಳಿಗೆ ಬಗ್ಗಿಸಿದಳು. ತಮ್ಮ ಅಳುತ್ತ ಬೇಡ ಅಂದ. ನಾನು ಕುಡಿದೆ. ಅವನ ಪಾಲನ್ನೂ ಕುಡಿದೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಬರೆದೂ ಏನು ಬಂತು?

ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಎಮ್ಮೆಗಳನ್ನು ಮಾರಿದ ಮೇಲೆ ಅವ್ವ ನನ್ನ ಮನೆಗೆ ಬಂದಳು. ಅವಳ ಬಲಗೈಯ ಎರಡು ಬೆರಳು ಪೂರ್ತಿ ಬಿಚ್ಚಲು ಬರುವುದಿಲ್ಲ. ಆ ಕೈಯನ್ನು ದಿನಾ ನೋಡಿಯೂ ನಾನು ಬಾಯಿ ಬಿಟ್ಟಿರಲಿಲ್ಲ.

ಮಗಳನ್ನು ಹೊಡೆದ ನಾಲ್ಕನೆಯ ದಿನ ಬಾಯಿ ಬಿಟ್ಟೆ. ಅವ್ವ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಮಗಳು ಅವಳಿಗೆ ಒತ್ತಿಕೊಂಡು ಕೂತಿದ್ದಳು. ಹೇಳಬೇಕಾದದ್ದು ಅವ್ವನಿಗೆ, ಆದರೆ ಮಗಳೂ ಕೇಳಲಿ ಎಂಬ ಆಸೆ ಒಳಗಿತ್ತು. ನಾನು ಎಂಥ ಮನೆಯಿಂದ ಬಂದವಳೆಂದು ಕೇಳಿದರೆ ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಬಹುದು ಅಂದುಕೊಂಡಿದ್ದೆ. ಅಜ್ಜಿಯ ಕೈ ಹೇಗೆ ಸುಟ್ಟಿತೆಂಬುದನ್ನು ಮೊದಲಿನಿಂದ ಹೇಳಿದೆ. ಕೊನೆಗೆ, "ಅವತ್ತ ಒಲಿಗೆ ಪುಳ್ಳಿ ತುರುಕಿದಾಕಿ ನಾನ ಅವ್ವಾ" ಅಂದೆ.

"ಗೊತ್ತೈತೇಳ" ಅಂದಳು ಅವ್ವ, ಸುಲಿಯುವುದನ್ನು ನಿಲ್ಲಿಸದೆ.

"ಯಾವಾಗಿಂದ?"

"ಮೊದಲನೇ ಸಲದಿಂದನ. ಊದಿ ಊದಿ ಮಾರಿ ತುಂಬ ಬೂದಿ ಮಾಡ್ಕೊಂಡ, ಹೊಸ್ತಿಲ ಮ್ಯಾಲ ದೇವರಗತೆ ಕುಂತಿರತಿದ್ದಿ."

"ಮತ್ತ ಅಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ಆ ಸಕ್ಕರಿ ನಿನ್ನ ಕೈಮ್ಯಾಲ ಬೀಳತಿತ್ತು."

ಅಷ್ಟು ಸಾದಾ ಮಾತು. ಮಗಳು ಅಜ್ಜಿಯ ಮಡಚಿದ ಬೆರಳುಗಳನ್ನು ಹಿಡಿದು ನೋಡುತ್ತಿದ್ದಳು. "ಆಮ್ಯಾಲ ನೀ ಮಮ್ಮಿಗ ಹೊಡದೇನ ಆಯಿ?" ಎಂದು ಅಜ್ಜಿಯನ್ನು ಕೇಳಿದಳು.

"ಯಾಕ ಹೊಡೀಲಿ? ಹಾಲ ಕುಡಿಯೂ ಆಸೆಕ್ಕ ಮಾಡಿತ್ತು. ಕೂಸದು."

"ಮತ್ತ ಅಜ್ಜ?"

"ನಿಮ್ಮ ಅಜ್ಜನ ಕೈ ಹುಡುಗುರ ತನಕಾ ಬರಾಕ ನಾ ಎಲ್ಲಿ ಬಿಟ್ನಿ?"

ಮಗಳು ನನ್ನ ಕಡೆ ತಿರುಗಿದಳು. ತೋಳಿನ ಮೇಲೆ ಸೌಟಿನ ಗುರುತು ಇನ್ನೂ ಕೆಂಪಗಿತ್ತು. ನಾಲ್ಕು ದಿನಗಳಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು.

"ಹಂಗಾದ್ರ ಆ ಮನ್ಯಾಗ ನಿನಗ ಒಂದರ ಏಟ ಬಿದ್ದಿತ್ತೇನ ಮಮ್ಮಿ?"

"ಇಲ್ಲ" ಅಂದೆ.