ಎರಡನೆಯ ನೋಟ್‌ಬುಕ್ಕಿನ ಸುಳ್ಳು ಅರ್ಥಗಳು

ಕ್ಷಮಿಸಿಬಿಡಬೇಕು ಎಂದು ಬುದ್ಧಿ ಹೇಳುವವರ ನೋಟ್‌ಬುಕ್ಕನ್ನು ಯಾರೂ ಕದ್ದಿರುವುದಿಲ್ಲ. ನನ್ನದನ್ನು ಕದ್ದಿದ್ದಾರೆ. ಕದ್ದವನು ಸಿಂಧನೂರಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಟ್ಯೂಷನ್ ಸರ್. ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಮುಂದೆಯೂ ಕ್ಷಮಿಸುವುದಿಲ್ಲ.

ಆಗ ನಾನು ಡಿಗ್ರಿ ಮುಗಿಸಿ ಗುಮಾಸ್ತರ ಪರೀಕ್ಷೆಗೆ ಓದುತ್ತಿದ್ದೆ. ಮನೆ ಮಸ್ಕಿಯಲ್ಲಿ. ಅಪ್ಪ ಬಸ್ ಕಂಡಕ್ಟರ್. ಬೆಳಿಗ್ಗೆ ಅವನ ಬಸ್ಸಿನಲ್ಲೇ ಸಿಂಧನೂರಿಗೆ ಹೋಗುತ್ತಿದ್ದೆ. ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು. ಸರ್‌ನ ಪದ್ಧತಿ ಒಂದೇ: ಇಂಗ್ಲಿಷ್ ಪದ, ಅದರ ಅರ್ಥ, ಮಗ್ಗಿಯ ಹಾಗೆ. ಅವನು ಒಮ್ಮೆ ಹೇಳಬೇಕು, ಐವತ್ತು ಜನ ಮೂರು ಸಲ ಕೂಗಬೇಕು. ಡಿಕ್ಷನರಿ ಎಂಬುದನ್ನು ಆ ಕೋಣೆಯಲ್ಲಿ ನಾನು ಕಣ್ಣಿನಿಂದ ನೋಡಲಿಲ್ಲ. ತಡವರಿಸಿದವರು ಹೊರಗೆ ಮೆಟ್ಟಿಲ ಮೇಲೆ ನಿಲ್ಲಬೇಕು. ಮೊದಲ ವಾರವೆಲ್ಲ ನಾನು ಮೆಟ್ಟಿಲ ಮೇಲೆಯೇ ಇದ್ದೆ.

ನಿಂತು ನಿಂತು ಒಂದು ಸಂಗತಿ ಹೊಳೆಯಿತು. ಒಂದೇ ಅಕ್ಷರಗುಂಪನ್ನು ಹೊತ್ತ ಪದಗಳು ಒಂದೇ ಮನೆತನದವು. ‘ಜೆಕ್ಟ್’ ಎಂದರೆ ಎಸೆಯುವುದು. ಒಳಗೆ ಎಸೆದರೆ ಇಂಜೆಕ್ಟ್, ಹೊರಗೆ ಎಸೆದರೆ ಇಜೆಕ್ಟ್, ತಿರುಗಿ ಎಸೆದರೆ ರಿಜೆಕ್ಟ್. ದಿನಕ್ಕೊಂದು ಮನೆತನ ಹುಡುಕಿ ನೋಟ್‌ಬುಕ್ಕಿಗೆ ಬರೆಯತೊಡಗಿದೆ. ಟಿಕೆಟ್ ಕೊಟ್ಟು ಮುಗಿದ ಮೇಲೆ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಿದ್ದ.

“ಇವತ್ತು ಯಾವ ಮನೆತನಬೇ?”

ಹೇಳುತ್ತಿದ್ದೆ. ಉದಾಹರಣೆ ಅವನದು. “ಟಿಕೀಟ್ ಇಲ್ದಾವನ್ನ ನಡುದಾರ್ಯಾಗ ಇಳಿಸಿದ್ರ ಅದು ಇಜೆಕ್ಟ್. ಹರಕ ನೋಟು ಒಲ್ಲೆ ಅಂದ್ರ ರಿಜೆಕ್ಟ್. ಹೌದಿಲ್ಲೋ?” ಹೌದೆಂದು ಹಾಗೆಯೇ ಬರೆದುಕೊಂಡೆ: ‘ನಮ್ಮಪ್ಪ ಹರಕು ನೋಟನ್ನು ರಿಜೆಕ್ಟ್ ಮಾಡಿದ.’ ವರ್ಷ ಕಳೆಯುವಷ್ಟರಲ್ಲಿ ಇನ್ನೂರು ಪುಟದ ನೋಟ್‌ಬುಕ್ ತುಂಬಿತು. ನಾನು ಮೆಟ್ಟಿಲಿನಿಂದ ಮುಂದಿನ ಬೆಂಚಿಗೆ ಬಂದಿದ್ದೆ.

ಸರ್ ಒಂದು ದಿನ ಅದನ್ನು ತಿರುವಿ ನೋಡಿದ. “ಚಲೋ ಬರದೀಯವಾ. ಕೊಡು, ತಪ್ಪು ತಿದ್ದಿ ಕೊಡ್ತೀನಿ.” ಕೊಟ್ಟೆ. ಮೂರು ಸಲ ಕೇಳಿದೆ. ಮೂರನೆಯ ಸಲ, “ಎಲ್ಲೋ ಕಳದೈತಿ ನೋಡವಾ,” ಎಂದ.

ಕೆಲವು ತಿಂಗಳ ಮೇಲೆ ಝೆರಾಕ್ಸ್ ಅಂಗಡಿಯ ದಾರಕ್ಕೆ ಹಳದಿ ಪುಸ್ತಕವೊಂದು ನೇತಾಡುತ್ತಿತ್ತು. ಮುಂದೆ ಅವನ ಹೆಸರು, ಹಿಂದೆ ಕೋಟು ತೊಟ್ಟ ಅವನ ಫೋಟೋ. ಮೂರನೆಯ ಪುಟದಲ್ಲಿ, ‘ನಮ್ಮಪ್ಪ ಹರಕು ನೋಟನ್ನು ರಿಜೆಕ್ಟ್ ಮಾಡಿದ.’ ಅವನದು ನಾಲೆ ನೀರಿನ ಭತ್ತದ ಗದ್ದೆಗಳಿರುವ ಮನೆತನ. ಅವನಪ್ಪ ಜೀಪು ಬಿಟ್ಟು ಇಳಿದವನಲ್ಲ. ಕದ್ದ ಮೇಲೆ ನಮ್ಮಪ್ಪನನ್ನಾದರೂ ಬದಲಾಯಿಸಬೇಕು ಎಂಬಷ್ಟು ಕಷ್ಟವನ್ನೂ ಅವನು ಪಟ್ಟಿರಲಿಲ್ಲ.

ನೇರ ಮೆಟ್ಟಿಲು ಹತ್ತಿ ಕ್ಲಾಸಿನ ನಡುವೆಯೇ ಕೇಳಿದೆ. ಅವನು ನಕ್ಕ. “ಪದ ಏನ್ ನಿಮ್ಮಪ್ಪನ ಆಸ್ತಿ ಏನವಾ? ಡಿಕ್ಷನರಿಯಾಗ ಇರೋವು. ನಿಂದು ಅಂತ ಎಲ್ಲಿ ಬರದೈತಿ, ತೋರಸು?” ಐವತ್ತು ಜನ ನಕ್ಕರು. ಪದಗಳನ್ನು ಮೂರು ಸಲ ಕೂಗುವ ಬಾಯಿಗಳೇ ಅವು.

ಅಪ್ಪನಿಗೆ ಹೇಳಿದರೆ, “ಹೋಗ್ಲಿ ಬಿಡಬೇ, ನಾಕು ಮಂದಿ ಓದ್ಲಿ,” ಎಂದುಬಿಟ್ಟ. ಅವನ ಮೇಲೂ ಸಿಟ್ಟು ಬಂತು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ಹಲ್ಲು ಕಚ್ಚಿ ಕೂತೆ. ಮುಳ್ಳು ತಾನಾಗಿಯೇ ಕೈಗೆ ಬಂತು. ಎರಡು ವರ್ಷದ ಮೇಲೆ ಅವನೇ ಫೋನ್ ಮಾಡಿದ. ಹಳದಿ ಪುಸ್ತಕ ಚೆನ್ನಾಗಿ ನಡೆದಿತ್ತು, ಎರಡನೆಯ ಭಾಗ ಬೇಕಿತ್ತು.

“ಇನ್ನೂ ಬರದಿಟ್ಟಿದ್ರ ಕೊಡವಾ. ಈ ಸಲ ನಿನ್ನ ಹೆಸರೂ ಹಾಕೂಣು.”

ಹಾಕುವುದಿಲ್ಲ ಎಂದು ಗೊತ್ತಿತ್ತು. “ಆಗ್ಲಿ ಸರ್,” ಎಂದೆ, ಜೇನು ಸುರಿಯುವ ದನಿಯಲ್ಲಿ.

ಒಂದು ತಿಂಗಳು ಕೂತು ಎರಡನೆಯ ನೋಟ್‌ಬುಕ್ ಬರೆದೆ. ಮೊದಲನೆಯದಕ್ಕಿಂತ ಅಂದವಾಗಿ ಬರೆದೆ. ಹತ್ತಾರು ನಿಜದ ನಡುವೆ ಒಂದು ಸುಳ್ಳು. ತೀರಾ ಪರಕೀಯ ಸುಳ್ಳು ಬೇಗ ಸಿಕ್ಕಿಬೀಳುತ್ತದೆ, ಅದಕ್ಕೇ ಮನೆತನದ ಚಹರೆ ಇರುವ ಸುಳ್ಳನ್ನೇ ಆರಿಸಿದೆ. ‘ಸ್ಪೆಕ್ಟ್’ ಎಂದರೆ ನೋಡುವುದು. ಸರ್ಕಮ್‌ಸ್ಪೆಕ್ಟ್ ಎಂದರೆ ಸುತ್ತಮುತ್ತ ನೋಡಿ ಹೆಜ್ಜೆಯಿಡುವ ಎಚ್ಚರದ ಮನುಷ್ಯ. ನಾನು ಬರೆದದ್ದು, ‘ಕೆಲಸವಿಲ್ಲದೆ ಊರೂರು ಸುತ್ತುವವನು.’ ‘ಕ್ರೆಡ್’ ಎಂದರೆ ನಂಬಿಕೆ. ಯಾರು ಏನು ಹೇಳಿದರೂ ನಂಬುವ ಪೆದ್ದ ಕ್ರೆಡ್ಯುಲಸ್. ನಾನು ಬರೆದದ್ದು, ‘ನಂಬಿಕೆಗೆ ಯೋಗ್ಯನಾದವನು.’ ಇಂಥವು ಒಟ್ಟು ಮೂವತ್ತೊಂದು. ಎಂದಾದರೂ ಒಬ್ಬ ಓದಿದವನು ಈ ಪುಸ್ತಕ ತೆರೆದು, ನಾಲ್ಕು ಜನರ ಮುಂದೆ ಅವನನ್ನು ಕೇಳಬೇಕು. ಅವನು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ನಾನು ಎದುರಿಗಿದ್ದು ನೋಡಬೇಕು. ನನ್ನ ಆಸೆ ಇಷ್ಟೇ ಇತ್ತು.

ಹಸಿರು ಪುಸ್ತಕ ಬಂತು. ನನ್ನ ಹೆಸರಿರಲಿಲ್ಲ, ಮೂವತ್ತೊಂದು ಸುಳ್ಳೂ ಇದ್ದವು. ಒಂದು ಸಂಜೆ ಗೊಬ್ಬರದಂಗಡಿಯ ಕೆಳಗೆ ನಿಂತು ಕೇಳಿದೆ. ಮೇಲಿನಿಂದ ಐವತ್ತು ಗಂಟಲು: “ಸರ್ಕಮ್‌ಸ್ಪೆಕ್ಟ್ ಅಂದ್ರ ಕೆಲಸಿಲ್ದ ಊರೂರು ಸುತ್ತಾವ!” ಮೂರು ಸಲ. ಹೊಟ್ಟೆ ತಣ್ಣಗಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಮಿರ್ಚಿ ತಿಂದು ಮನೆಗೆ ಬಂದೆ.

ಆದರೆ ಯಾರೂ ಕೇಳಲಿಲ್ಲ. ಪುಸ್ತಕ ಮಸ್ಕಿಗೆ ಬಂತು, ಲಿಂಗಸುಗೂರಿಗೆ ಹೋಯಿತು. ನಾನೂ ಪರೀಕ್ಷೆ ಪಾಸಾಗಿ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತೆಯಾದೆ. ಸರ್ ಊರಲ್ಲಿ ಇನ್ನಷ್ಟು ದೊಡ್ಡವನಾದ. ನನ್ನ ಸುಳ್ಳುಗಳು ಅವನ ಕೂದಲನ್ನೂ ಕೊಂಕಿಸಲಿಲ್ಲ.

ನಮ್ಮ ಕಚೇರಿಯ ಜವಾನ ಪಾಮನಕಲ್ಲೂರಿನವನು. ಹೋದ ವರ್ಷ ಒಂದು ಮಧ್ಯಾಹ್ನ ಅವನ ಮಗಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಗುಮಾಸ್ತರ ಪರೀಕ್ಷೆಗೆ ಎಂಟು ದಿನ ಉಳಿದಿತ್ತು.

“ಅಕ್ಕಾರ, ನನ್ನ ಪದ ಒಂದಿಷ್ಟು ಕೇಳ್ರಿ. ಈ ಸಲಾನೂ ಆಗ್ಲಿಲ್ಲಂದ್ರ ಅಪ್ಪ ಲಗ್ನ ಮಾಡ್ತೀನಿ ಅಂದಾನ್ರಿ.”

ಕೂರಿಸಿದೆ. ಪುಸ್ತಕಕ್ಕೆ ಹಳೆಯ ಪೇಪರಿನ ರಟ್ಟು ಹಾಕಿದ್ದಳು. ಕಣ್ಣು ಮುಚ್ಚಿ ಮಗ್ಗಿಯ ಹಾಗೆ ಒಪ್ಪಿಸುತ್ತ ಹೋದಳು. ನಡುವೆ ಬಂತು: “ಸರ್ಕಮ್‌ಸ್ಪೆಕ್ಟ್ ಅಂದ್ರ ಕೆಲಸಿಲ್ದ ಊರೂರು ಸುತ್ತಾವ.”

“ಅಲ್ಲಬೇ,” ಎಂದೆ. “ಎಚ್ಚರಿಕಿ ಇದ್ದಾವ.”

“ಇಲ್ರಿ ಅಕ್ಕಾರ, ಬುಕ್ಕಿನ್ಯಾಗ ಹಂಗ ಐತ್ರಿ.”

ಫೋನಿನಲ್ಲಿ ಡಿಕ್ಷನರಿ ತೆಗೆದು ತೋರಿಸಿದೆ. ಎರಡು ಸಲ ಓದಿದಳು. ಮುಖ ಬಾಡಿಹೋಯಿತು. “ಹೋದ ಸಲ ಪರೀಕ್ಷಾದಾಗ ಇದ ಬಂದಿತ್ರಿ. ಗೊತ್ತಿದ್ದದ್ದು ಬಂತು ಅಂತ ಖುಷೀಲೆ ಟಿಕ್ ಹಾಕಿದ್ದೆ. ಒಂದ ಮಾರ್ಕಿಗೆ ಹೋತ್ರಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಎಷ್ಟು ಸಲ ಆಡಿದ್ದೇನೋ. ಬರೆ ಎಳೆದ ಕೈ ನನ್ನದೇ ಆಗಬಹುದು ಎಂದು ಮಾತ್ರ ಎಣಿಸಿರಲಿಲ್ಲ. ಅಷ್ಟಾದರೂ ಸರ್‌ನ ಮೇಲಿನ ಸಿಟ್ಟು ಎಳ್ಳಷ್ಟೂ ಇಳಿಯಲಿಲ್ಲ. ಇದೂ ಅವನಿಂದಲೇ ಆದದ್ದು ಎಂದು ಆ ಕ್ಷಣದಲ್ಲೂ ಒಳಗೊಳಗೆ ಬೈದುಕೊಂಡೆ.

ಕೆಂಪು ಪೆನ್ನು ತೆಗೆದುಕೊಂಡೆ. ಪುಟ ಹನ್ನೊಂದು, ಪುಟ ಹದಿನಾಲ್ಕು, ಪುಟ ಇಪ್ಪತ್ತು. ಮೂವತ್ತೊಂದು ಸುಳ್ಳನ್ನೂ ಹೊಡೆದುಹಾಕಿ, ಮಗ್ಗುಲಲ್ಲಿ ನಿಜವನ್ನು ಬರೆದೆ. ಹುಡುಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

“ಅಕ್ಕಾರ, ನೀವು ಓದಾಕತ್ತಿಲ್ಲ. ನೆಟ್ಟಗ ತಪ್ಪಿದ್ದ ಹಾಳೀಗೇ ಹೋಗಾಕತ್ತೀರಿ. ಹೆಂಗ ಗೊತ್ರಿ ನಿಮಗ?”

ನಾನು ಪುಟ ತಿರುವುತ್ತಲೇ ಇದ್ದೆ.

“ಯಾರ್ರಿ ಇದನ್ನ ಬರ್ದವರು?”

ಪೇಪರಿನ ರಟ್ಟನ್ನು ಸರಿಸಿ, ಹಸಿರು ಮುಖಪುಟದ ಮೇಲಿನ ಹೆಸರಿಗೆ ಬೆರಳಿಟ್ಟೆ.

“ಮ್ಯಾಲೆ ಹೆಸರು ಐತಲ್ಲಬೇ. ಎಲ್ಲಾ ಅವರ ಬರದಾರ. ಇದರಾಗ ನಂದು ಒಂದಕ್ಷರಾನೂ ಇಲ್ಲ.”