ಮಾನ್ಯತೆ ತಂದ ನೀಲಮ್ಮ ಅಕ್ಕೋರು

"ನನಗ ಹೊಲಿಗಿ ಬರ್ತೈತ್ರಿ" ಅಂತ ನೀಲಮ್ಮ ಅಕ್ಕೋರ ಮುಂದೆ ಯಾರಾದರೂ ಹೇಳಿದರೆ ಮುಗಿಯಿತು. "ಯಾರಿಗೆ ಹೊಲೀತಿ? ಎಳೀ ಹುಡುಗಿಗೋ, ಬಾಣಂತಿಗೋ, ಬೆನ್ನು ಬಾಗಿದ ಮುದುಕಿಗೋ?" ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಎಷ್ಟು ಬರುತ್ತದೋ ಅಷ್ಟೇ ಹೇಳಬೇಕು. ಒಂದು ನೂಲು ಹೆಚ್ಚಾದರೂ ಅವರಿಗೆ ಆಗುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ಕುಷ್ಟಗಿಯ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಹೊಲಿಗೆ ತರಗತಿ. ನಾನು ಅಲ್ಲಿ ಕಲಿಯುತ್ತಿದ್ದೆ. ನಮ್ಮಪ್ಪ ಸಂತೆಯಲ್ಲಿ ಬಳೆ ಮಾರುವವನು, ಚೌಕಾಸಿ ನಮ್ಮ ಮನೆಯ ಮಾತು. ನನಗೆ ಬೇಕಾದದ್ದು ಸರ್ಕಾರಿ ಶಾಲೆಯಲ್ಲಿ ಹೊಲಿಗೆ ಟೀಚರ್ ನೌಕರಿ. ಅದಕ್ಕೆ ಸರ್ಕಾರದ ಮಾನ್ಯತೆ ಇರುವ ಸರ್ಟಿಫಿಕೇಟೇ ಆಗಬೇಕು. ನಮ್ಮ ತರಗತಿಗೆ ಆ ಮಾನ್ಯತೆ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಕೊಪ್ಪಳದಲ್ಲಿ ಯಾರೋ ಮೂರೇ ತಿಂಗಳಿಗೆ 'ಅಖಿಲ ಭಾರತ ಡಿಪ್ಲೊಮಾ' ಕೊಡತೊಡಗಿದರು. ನಮ್ಮ ಹುಡುಗಿಯರಲ್ಲಿ ಅರ್ಧ ಜನ ಅಲ್ಲಿಗೆ ನಡೆದರು.

"ಅಕ್ಕೋರ, ನಾವೂ ಬೋರ್ಡಿನ ಮ್ಯಾಲೆ ಡಿಪ್ಲೊಮಾ ಅಂತ ಬರಸೋಣ್ರಿ. ಹುಡುಗ್ಯಾರು ಓಡಿ ಬರ್ತಾರ," ಎಂದೆ.

"ಒಂದು ವರ್ಷದ್ದಕ್ಕ ಸರ್ಟಿಫಿಕೇಟ್ ಅನ್ನಬೇಕು, ಹಂಗ ಸರ್ಕಾರದ ನೇಮ ಐತಿ. ದಿಲ್ಲಿಯಾಗೂ ಅದ ಹೆಸರು, ಕುಷ್ಟಗಿಯಾಗೂ ಅದ ಹೆಸರು. ಹೆಸರು ಒಂದ ಆದಮ್ಯಾಲೆ ಹೊಲಿಗಿನೂ ಒಂದ ಇರಬೇಕು. ಇದೇನು ಚೌಕಾಸಿ ಮಾಡಾಕ ನಿಮ್ಮಪ್ಪನ ಬಳೆ ಅಂಗಡಿ ಅಂದ್ಕೊಂಡೀಯೇನು?"

ಮಾನ್ಯತೆಗೆ ತಪಾಸಣೆ ಮಾಡುವ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನೇಮದ ಪ್ರಕಾರ ನಮ್ಮಲ್ಲಿ ಒಂದು ಮಷೀನು ಕಡಿಮೆ.

"ದರ್ಜಿ ಇಮಾಮಸಾಬ ಕಾಕಾನ ಕಡಿಂದ ಒಂದಿನಕ್ಕ ಕಡ ತರ್ತೀನ್ರಿ," ಎಂದೆ.

"ಮರುದಿನ ಹುಡುಗಿ ಎದರ ಮ್ಯಾಲೆ ಕಲೀಬೇಕು? ಸಾಹೇಬನ ಟೊಪಿಗಿ ಮ್ಯಾಲೇನು?"

ತರಗತಿಯೆಲ್ಲ ನಕ್ಕಿತು. ಕಡ ಬೇಡವೆಂದರೆ ಕೊಳ್ಳಬೇಕು. ಕೊಳ್ಳಲು ಯಾರ ಹತ್ತಿರವೂ ದುಡ್ಡಿಲ್ಲ. ಕಾಕಾನ ಅಂಗಡಿಯ ಮೂಲೆಯಲ್ಲಿ ಒಂದು ಹಳೆಯ ಮಷೀನು ಸುಮ್ಮನೆ ಬಿದ್ದಿತ್ತು. ನಾನು ಅಲ್ಲಿಗೆ ಹೋದೆ.

"ಕಾಕಾ, ಇದನ್ನ ಧೂಳಾ ತಿನಸಾಕ ಇಟ್ಟೀಯೇನು?"

"ರೊಕ್ಕ ತಂದೀಯೇನವಾ?"

"ರೊಕ್ಕ ಇಲ್ಲ, ಕೈ ಅದಾವ. ಹಬ್ಬದ ಸೀಜನ್ನಿನ್ಯಾಗ ಕಾಜಾ ತಗಿಯೋದು, ಗುಂಡಿ ಹಚ್ಚೋದು ಎಲ್ಲಾ ನಾವು ಹುಡುಗ್ಯಾರು ಮಾಡಿಕೊಡ್ತೀವಿ, ಮಷೀನು ನಮಗ ಕೊಟ್ಟುಬಿಡು."

"ನಿಮ್ಮಪ್ಪಗಿಂತ ಒಂದು ಕೈ ಮ್ಯಾಲೆ ಅದೀ ನೀ!" ಎಂದು ಕಾಕಾ ಒಪ್ಪಿದ. ಕಿಸೆ ಖಾಲಿ ಇದ್ದಾಗ ನಾಚಬೇಡಿ, ನಿಮಗೆ ಬರುವ ಕೆಲಸವನ್ನು ಮುಂದಿಟ್ಟು ಮಾತಾಡಿ. ಇದು ನನ್ನ ಸಲಹೆ.

ಮಷೀನು ನೋಡಿ ಅಕ್ಕೋರು ಕೇಳಿದ್ದು ಒಂದೇ: "ಕಾಯಂ ನಮ್ಮದೇನು?" ಹೌದೆಂದಾಗ ಸೆರಗು ಸಿಕ್ಕಿಸಿ ತಾವೇ ಎಣ್ಣೆ ಹಾಕಲು ಕೂತರು.

ಸಾಹೇಬರು ಬಂದು ಮಷೀನು ನೋಡಿದರು, ನಮ್ಮ ಕೈಯಲ್ಲಿ ಕುಪ್ಪಸ ಹೊಲಿಸಿದರು. ಮಾನ್ಯತೆ ಬಂತು. ವರ್ಷ ಕಳೆದು ಸರ್ಟಿಫಿಕೇಟು ಹಿಡಿದು ರಾಯಚೂರಿಗೆ ನೌಕರಿಯ ಸಂದರ್ಶನಕ್ಕೆ ಹೋದೆ. ನನ್ನ ಸರ್ಟಿಫಿಕೇಟಿನ ಹೆಸರು ಓದಿದ ಅಧಿಕಾರಿ, "ಯಲಬುರ್ಗಾದ ಶಾಲೆಗೆ ಹೋಗ್ತೀರಾ?" ಎಂದರು, ಅಷ್ಟೇ. ಡಿಪ್ಲೊಮಾದವರನ್ನು ಮಾನ್ಯತೆ ಇಲ್ಲವೆಂದು ಬಾಗಿಲಲ್ಲೇ ತಿರುಗಿಸಿದ್ದರು. ಅಳುತ್ತ ಕೂತಿದ್ದ ಇಬ್ಬರಿಗೆ ಅಕ್ಕೋರ ವಿಳಾಸ ಕೊಟ್ಟು ಬಂದೆ.

ನೌಕರಿಯ ಸುದ್ದಿ ಹೇಳಲು ಗಂಗಾವತಿಗೆ ಓಡಿದರೆ ಅಕ್ಕೋರು ಅಲ್ಲಿ ಹೊಸ ತರಗತಿಗೆ ಬಾಡಿಗೆ ಖೋಲಿ ನೋಡುತ್ತಿದ್ದರು. ಅದೇ ನಮ್ಮ ಕಡೇ ಭೆಟ್ಟಿ. ಮುಂದಿನ ವರ್ಷ ಅವರು ತೀರಿಕೊಂಡರು.

ಅವತ್ತು ನನ್ನ ಸುದ್ದಿ ಕೇಳಿದವರೇ, "ಛಲೋ ಆತು ನೋಡವಾ. ಈಗ ಈ ತುದಿ ಹಿಡಿ," ಎಂದು ಟೇಪು ಕೊಟ್ಟರು. ಅಳೆದೆವು. ನೇಮಕ್ಕೆ ಖೋಲಿ ಒಂದು ಗೇಣು ಸಣ್ಣದಾಯಿತು.

"ಟೇಪು ಸ್ವಲ್ಪ ಸಡಿಲ ಹಿಡೀರಿ ಅಕ್ಕೋರ, ಗೇಣು ಕೂಡತೈತಿ," ಎಂದೆ.

ಅವರು ನನ್ನ ಮುಖ ನೋಡಿ ಜೋರಾಗಿ ನಕ್ಕರು. ಆಮೇಲೆ ಮನೆಯ ಮಾಲೀಕನ ಕಡೆ ತಿರುಗಿದರು: "ಯಪ್ಪಾ, ಗ್ವಾಡಿ ಕಟ್ಟೋ ಗೌಂಡೀನ ಕರಸ್ರಿ. ಈ ಗ್ವಾಡಿ ಹಿಂದಕ್ಕ ಹೋಗಬೇಕು."